ಗೇಜ್ ಏರಿತು, ನೀರು ಇಳಿಯಿತು

(ಕುರ್ಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಅಂದರೆ ವಚನ, ದಾಸಸಾಹಿತ್ಯ, ತತ್ವಪದ ಎಂಬುದು ನಮ್ಮ ಕಡೆಯ ರೂಢಿ. ಜಗನ್ನಾಥದಾಸರು ಬಾಳಿದ ಮಾನ್ವಿಯ ಸೀಮೆಯಲ್ಲಿ ಅದು ಸಹಜವೂ ಹೌದು. ಈ ಸಲ ಸಂಘಟಕರು ನೀರಿನ ಬಗ್ಗೆ ಮಾತಾಡಿ ಎಂದರು. ನೀರಾವರಿಯ ರಾಜಕಾರಣ ಮಾತಾಡುವವರು ಬಹಳ ಜನ ಇದ್ದಾರೆ. ನಾನು ನನ್ನ ಆಯುಷ್ಯ ಕಳೆದ ಕೆಲಸದ ಬಗ್ಗೆ, ಅಂದರೆ ಹರಿಯುವ ನೀರನ್ನು ಅಳೆಯುವುದರ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಹರಿಯುವ ನೀರಿಗೆ ಏನಾದರೂ ಅಡ್ಡ ಬಂದಾಗ ಏನಾಗುತ್ತದೆ ಎಂಬುದರ ಬಗ್ಗೆ.

ಮುಂಗಾರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನದಿಂದ ನಮ್ಮ ಭಾಗದ ಚಹಾದ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: ‘ಗೇಜ್ ಎಷ್ಟೈತ್ರೀ?’ ಮುನಿರಾಬಾದಿನಲ್ಲಿ ಹುಟ್ಟಿ ಸುಮಾರು 226 ಕಿಲೋಮೀಟರ್ ಹರಿಯುವ ಕಾಲುವೆ ಇದು. ಕಿಲೋಮೀಟರ್ ಬಂದು ಎಷ್ಟೋ ದಶಕ ಕಳೆದರೂ ಇದರ ಲೆಕ್ಕ ಇನ್ನೂ ಮೈಲಿನಲ್ಲೇ ಇದೆ. 69ನೇ ಮೈಲು, 104ನೇ ಮೈಲು ಎಂಬ ಎರಡು ಹೆಸರು ಇಲ್ಲಿನ ಸಣ್ಣ ಹುಡುಗನಿಗೂ ಗೊತ್ತು. ಅಲ್ಲಿ ಇಷ್ಟು ಅಡಿ ಗೇಜ್ ಕಾಯಬೇಕು ಎಂದು ಕೊನೆ ಭಾಗದ ರೈತರು ಮನವಿ ಕೊಟ್ಟಿದ್ದಾರೆ, ರಸ್ತೆಯಲ್ಲಿ ಕುಳಿತಿದ್ದಾರೆ. ಅವರ ನೋವು ನಿಜ. ಈ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ನೆಲಕ್ಕೆ ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆ ಎಂದು ಗೊತ್ತು ಮಾಡಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೆಳಗಿನವರ ಪಾಲು ಕರಗಿತು. ಅದರ ಮೇಲೆ ಜಲಾಶಯವೇ ಹೂಳಿನಿಂದ ಕುಗ್ಗಿದೆ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105 ಚಿಲ್ಲರೆ.

ಇಷ್ಟೆಲ್ಲ ಇದ್ದೂ ನಾನು ಇಲ್ಲಿ ನಿಂತು ಒಂದು ಮಾತು ಹೇಳಲೇಬೇಕು. ನಾವು ಕೇಳುತ್ತಿರುವ ಪ್ರಶ್ನೆ ಅರ್ಧದ್ದು. ಗೇಜ್ ಹೇಳುವುದು ನೀರಿನ ಎತ್ತರವನ್ನು ಮಾತ್ರ. ಹೊಲಕ್ಕೆ ಬರುವುದು ಎತ್ತರವಲ್ಲ, ಹರಿವು. ಕಾಲುವೆಯ ಅಡ್ಡಕೊಯ್ತ ಎಷ್ಟು ಅಗಲ, ಎಷ್ಟು ಆಳ, ಅದರಲ್ಲಿ ನೀರು ಎಷ್ಟು ವೇಗವಾಗಿ ಹೋಗುತ್ತಿದೆ, ಇವನ್ನು ಗುಣಿಸಿದರೆ ಹರಿವು. ಆಳ ಗೇಜಿನಲ್ಲಿ ಕಾಣುತ್ತದೆ, ವೇಗ ಕಾಣುವುದಿಲ್ಲ. ಗೇಜ್ ಇಷ್ಟಿದ್ದರೆ ಇಷ್ಟು ಕ್ಯೂಸೆಕ್ ಎಂಬ ಕೋಷ್ಟಕ ಕಚೇರಿಯಲ್ಲಿ ಇರುತ್ತದೆ ನಿಜ. ಆ ಕೋಷ್ಟಕ ತಯಾರಾದ ದಿನ ಕಾಲುವೆ ಹೇಗಿತ್ತೋ ಇಂದೂ ಹಾಗೇ ಇದ್ದರೆ ಮಾತ್ರ ಅದು ಸರಿ. ನಡುವೆ ಒಂದು ಕಲ್ಲು ಬಿದ್ದರೂ ಕೋಷ್ಟಕ ತಪ್ಪುತ್ತದೆ.

ಇದನ್ನು ನನಗೆ ಮೊದಲು ಕಲಿಸಿದ್ದು ಪುಸ್ತಕವಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದು. ಒಂದು ವಿತರಣಾ ಕಾಲುವೆಯ ಸೇತುವೆಯ ಬಳಿ ಕರೆಂಟ್ ಮೀಟರ್ ಇಳಿಸಿ ಕುಳಿತಿದ್ದೆ. ವಿದ್ಯುತ್ತಿನ ಮೀಟರ್ ಅಲ್ಲ, ಸೆಳವಿನ ಮೀಟರ್. ಪುಟ್ಟ ಬಟ್ಟಲುಗಳ ಒಂದು ಚಕ್ರ. ನೀರು ತಳ್ಳಿದಂತೆ ತಿರುಗುತ್ತದೆ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿದರೆ ವೇಗ ಸಿಗುತ್ತದೆ. ಬಿಸಿಲು ಜೋರಿತ್ತು. ನೆರಳಿಗೆಂದು ಸೇತುವೆಯ ಕಂಬದ ಕೆಳಬದಿಯಲ್ಲೇ ಇಳಿಸಿದ್ದೆ. ಮೊದಲ ನಿಮಿಷಕ್ಕೆ 31 ಸುತ್ತು, ಎರಡನೆಯದಕ್ಕೆ 44, ಮೂರನೆಯದಕ್ಕೆ 27. ಮೀಟರ್ ಕೆಟ್ಟಿದೆ ಎಂದು ಪೆಟ್ಟಿಗೆ ತೆಗೆದೆ. ಜೊತೆಗಿದ್ದ ಹಿರಿಯ ಗ್ಯಾಂಗ್‌ಮನ್ ಬದುವಿನ ಮೇಲಿದ್ದ ಜೋಳದ ದಂಟು ಸೀಳಿ, ಒಳಗಿನ ಬೆಂಡು ತೆಗೆದು, ಚೂರು ಮಾಡಿ ಕಂಬದ ಹಿಂದೆ ಹಾಕಿದರು. ಒಂದು ಚೂರು ಗಿರಕಿ ಹೊಡೆಯಿತು. ಇನ್ನೊಂದು ನೀರಿಗೆ ಎದುರಾಗಿ ನಡೆದು ಬಂದು ಕಂಬಕ್ಕೆ ಅಂಟಿಕೊಂಡಿತು.

‘ನೋಡ್ರಿ ಸಾಹೇಬ್ರ, ಇಲ್ಲಿ ನೀರು ಆಟ ಆಡಾಕತ್ತೈತಿ, ಹೋಗಾಕತ್ತಿಲ್ಲ. ಹೋಗೋ ನೀರು ಬೇಕಂದ್ರ ಮ್ಯಾಲಕ ನಡೀರಿ’ ಎಂದರು.

ಬಟ್ಟಲಿನ ಚಕ್ರಕ್ಕೆ ದಿಕ್ಕು ತಿಳಿಯದು. ನೀರು ಮುಂದೆ ಹೋದರೂ ಹಿಂದೆ ಬಂದರೂ ಅದು ಒಂದೇ ಕಡೆ ತಿರುಗುತ್ತದೆ. ಕಂಬದ ಹಿಂದೆ ತಿರುಗಿ ಬರುವ ನೀರನ್ನೂ ನಾನು ಮುಂದೆ ಹೋದ ನೀರೆಂದು ಎಣಿಸುತ್ತಿದ್ದೆ. ಅವತ್ತು ಮೇಲಕ್ಕೆ ನಡೆದು, ಕಾಲುವೆ ನೇರವಾಗಿ, ಬದಿಗಳು ಸಮನಾಗಿ ಇದ್ದ ಕಡೆ ಅಳೆದೆವು. ಅಂಕಿಗಳು ಒಂದಕ್ಕೊಂದು ಒಪ್ಪಿದವು.

ಕಂಬದ ಬಳಿ ನೀರು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮಕ್ಕಳು ಇದನ್ನು ಹಳ್ಳದಲ್ಲೇ ನೋಡಬಹುದು. ಹರಿಯುವ ನೀರಿನಲ್ಲಿ ಒಂದು ಕೋಲು ನೆಡಿ. ಕೋಲಿನ ಎದುರು ಬದಿಗೆ ಬಡಿದ ನೀರು ಅಲ್ಲಿಗೆ ನಿಂತುಬಿಡುತ್ತದೆ. ನಿಂತ ನೀರಿನ ಓಟ ಎತ್ತರವಾಗಿ ಮಾರ್ಪಡುತ್ತದೆ, ನೀರು ಕೋಲನ್ನು ಹತ್ತುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರು ಸುಮಾರು 5 ಸೆಂಟಿಮೀಟರ್ ಏರುತ್ತದೆ. ವೇಗ ಇಮ್ಮಡಿಯಾದರೆ ಏರಿಕೆ ನಾಲ್ಕು ಪಟ್ಟು, 20 ಸೆಂಟಿಮೀಟರ್. 1732ರಲ್ಲಿ ಫ್ರಾನ್ಸಿನ ಹೆನ್ರಿ ಪಿಟೋ ಬಾಗಿದ ಗಾಜಿನ ಕೊಳವೆಯನ್ನು ಸೆಯ್ನ್ ನದಿಯಲ್ಲಿ ಇಳಿಸಿ, ಅದರೊಳಗೆ ನೀರು ಎಷ್ಟು ಏರಿತು ಎಂಬುದರಿಂದ ನದಿಯ ವೇಗ ತಿಳಿದದ್ದು ಇದೇ ಸೂತ್ರದಿಂದ. ಇಂದು ವಿಮಾನಗಳು ಗಾಳಿಯಲ್ಲಿ ತಮ್ಮ ವೇಗ ಅಳೆಯುವುದೂ ಅವನ ಹೆಸರಿನ ಕೊಳವೆಯಿಂದಲೇ.

ಕೋಲಿನ ಬುಡದಲ್ಲಿ ಕಥೆಯೇ ಬೇರೆ. ಮೇಲ್ಪದರದ ನೀರು ಚುರುಕು, ತಳದ ನೀರು ನೆಲಕ್ಕೆ ಉಜ್ಜಿ ಮಂದ. ಹಾಗಾಗಿ ಕೋಲಿಗೆ ಬಡಿದ ನೀರಿನ ಒತ್ತಡ ಮೇಲೆ ಹೆಚ್ಚು, ಕೆಳಗೆ ಕಡಿಮೆ. ನೀರು ಕೋಲಿನ ಮುಖದ ಗುಂಟ ಕೆಳಗೆ ಧುಮುಕುತ್ತದೆ, ತಳ ಮುಟ್ಟಿ ಸುರುಳಿಯಾಗುತ್ತದೆ, ಕುದುರೆ ಲಾಳದ ಆಕಾರದಲ್ಲಿ ಎರಡೂ ಬದಿಗೆ ಬಾಗಿ ಹೋಗುತ್ತದೆ. ಹೋಗುವಾಗ ಮರಳನ್ನು ಕೆದರುತ್ತದೆ. ಹೊಳೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತವರಿಗೆ ಪಾದದ ಸುತ್ತಲಿನ ಮರಳು ಜಾರಿ, ಕಾಲು ತಾನೇ ತಾನಾಗಿ ಹೂತುಹೋದ ಅನುಭವ ಇರುತ್ತದೆ. ಅದೇ ಇದು.

ಕೋಲಿನ ಹಿಂದೆ ಸುಳಿಗಳು. ಎಡದಿಂದ ಒಂದು, ಬಲದಿಂದ ಒಂದು, ಸರದಿ ತಪ್ಪದೆ ಬಿಚ್ಚಿಕೊಂಡು ಹೋಗುತ್ತವೆ. ಇದರ ಲೆಕ್ಕವನ್ನು 1911-12ರಲ್ಲಿ ತಿಯಡೋರ್ ಫಾನ್ ಕಾರ್ಮಾನ್ ಕೊಟ್ಟ. ಅದಕ್ಕೂ ಹಿಂದೆ, ಐನೂರು ವರ್ಷದ ಕೆಳಗೆ, ಲಿಯೊನಾರ್ಡೊ ಡ ವಿಂಚಿ ಹಲಗೆಯೊಂದಕ್ಕೆ ಬಡಿದು ಹೆಣೆದ ಜಡೆಯಂತೆ ಸುತ್ತುವ ನೀರನ್ನು ಕಣ್ಣಿಂದ ಕಂಡಷ್ಟನ್ನೇ ಚಿತ್ರಿಸಿಟ್ಟಿದ್ದ. ಈ ಸುಳಿಗಳ ತಾಳ ಹೆಚ್ಚುಕಡಿಮೆ ಗೊತ್ತಾದದ್ದು. 10 ಸೆಂಟಿಮೀಟರ್ ದಪ್ಪದ ಕಂಬ, ಸೆಕೆಂಡಿಗೆ ಅರ್ಧ ಮೀಟರ್ ವೇಗದ ನೀರು ಇದ್ದರೆ, ಸೆಕೆಂಡಿಗೆ ಒಂದರಂತೆ ಸುಳಿಯ ಜೋಡಿ. ಗಡಿಯಾರ ಹಿಡಿದು ಎಣಿಸಬಹುದು.

ಪಠ್ಯಪುಸ್ತಕ ಇದಕ್ಕೆ ‘ಪ್ರಕ್ಷುಬ್ಧ ಪ್ರವಾಹ’ ಎನ್ನುತ್ತದೆ. ನಮ್ಮ ಹೊಳೆದಂಡೆಯ ಅಂಬಿಗರಲ್ಲಿ ಸುಳಿ, ಸೆಳವು, ಮಡು ಎಂದು ಬೇರೆಬೇರೆ ಮಾತುಗಳಿವೆ, ಒಂದೊಂದಕ್ಕೂ ಒಂದೊಂದು ಅಪಾಯ, ಒಂದೊಂದು ಉಪಾಯ. ಕೃಷ್ಣೆಯ ನಡುಗಡ್ಡೆಗಳಿಗೆ, ನಾರದಗಡ್ಡೆಗೆ, ಕುರುವಪುರಕ್ಕೆ ಜನರನ್ನು ದಾಟಿಸಿದವರಿಗೆ ಗಡ್ಡೆಯ ಮೇಲ್ತುದಿಯಲ್ಲಿ ನೀರು ಹೇಗೆ ಸೀಳುತ್ತದೆ, ಕೆಳತುದಿಯಲ್ಲಿ ಹೇಗೆ ಕೂಡುತ್ತದೆ ಎಂಬುದು ಕೈಗೆ ಹತ್ತಿದ ವಿದ್ಯೆ. ನಡುಗಡ್ಡೆ ಅಂದರೆ ನದಿಯ ದಾರಿಯಲ್ಲಿ ನಿಂತ ದೊಡ್ಡ ಕಂಬವೇ ತಾನೆ. ಆ ವಿದ್ಯೆಯನ್ನು ಬರೆದಿಟ್ಟುಕೊಳ್ಳದೆ ಹೋದದ್ದು ನಮ್ಮ ಎಂಜಿನಿಯರಿಂಗ್ ಶಿಕ್ಷಣದ ದೊಡ್ಡ ಕೊರತೆ ಎಂದೇ ನನ್ನ ಭಾವನೆ.

1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಹರಿಸಿ, ನೀರು ಮೆಲ್ಲನೆ ಹೋಗುವಾಗ ಎಳೆ ನೇರವಾಗಿ ಉಳಿಯುವುದನ್ನೂ ವೇಗ ಏರಿದಾಗ ಕದಡಿ ಹೋಗುವುದನ್ನೂ ತೋರಿಸಿದ. ನಮ್ಮ ಕಾಲುವೆಯ ನೀರು ಯಾವಾಗಲೂ ಕದಡಿದ ಬಗೆಯದೇ. ಅಂದರೆ ಒಂದು ಜಾಗದಲ್ಲಿ ವೇಗ ಎಂಬುದು ಒಂದು ಅಂಕಿಯಲ್ಲ. ಕ್ಷಣಕ್ಷಣಕ್ಕೂ ಅದು ಏರಿಳಿಯುತ್ತದೆ. ಅದಕ್ಕೇ ಮೀಟರನ್ನು ಒಂದು ನಿಮಿಷವಾದರೂ ಹಿಡಿದು ಸರಾಸರಿ ತೆಗೆಯುತ್ತೇವೆ. ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಭಾಗ ಕೆಳಗೆ ಇಳಿಸಿದರೆ ಸಿಗುವ ವೇಗ ಒಟ್ಟು ಆಳದ ಸರಾಸರಿಗೆ ಹತ್ತಿರ. ಆಳ ಹೆಚ್ಚಿದ್ದರೆ ಹತ್ತರಲ್ಲಿ ಎರಡು, ಹತ್ತರಲ್ಲಿ ಎಂಟು ಭಾಗದಲ್ಲಿ ಅಳೆದು ಕೂಡಿ ಅರ್ಧ ಮಾಡುತ್ತೇವೆ.

ಈಗ ನಮ್ಮ ಕಾಲುವೆಗೆ ಬರೋಣ. ತೂಬಿನ ಕೆಳಗೆ, ನಾಲ್ಕು ಮಾರು ದೂರದಲ್ಲಿ, ಕಾಲುವೆಗೆ ಅಡ್ಡವಾಗಿ ಕಲ್ಲು, ಮಣ್ಣು ತುಂಬಿದ ಚೀಲ ಇಡುವುದು ನೀವೆಲ್ಲ ಕಂಡ ಸಂಗತಿ. ಇಟ್ಟವರನ್ನು ಬೈಯಲು ನಾನು ಬಂದಿಲ್ಲ. ಪೈರು ಒಣಗುವಾಗ ಮನುಷ್ಯ ಕಲ್ಲು ಇಡುತ್ತಾನೆ. ಆದರೆ ಆ ಕಲ್ಲು ಏನು ಮಾಡುತ್ತದೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ.

2 ಮೀಟರ್ ಅಗಲದ ಒಂದು ಉಪಕಾಲುವೆ ಇದೆ ಎನ್ನಿ, ಬದಿಗಳು ನೇರ. ನೀರಿನ ಆಳ ಅರ್ಧ ಮೀಟರ್. ದಂಡೆಯ ಮೇಲೆ 10 ಮೀಟರ್ ಅಳೆದು ಎರಡು ಗುರುತು ಮಾಡಿ, ಬೆಂಡಿನ ಚೂರು ಬಿಡಿ. 20 ಸೆಕೆಂಡಿನಲ್ಲಿ ಅದು ಕೆಳಗಿನ ಗುರುತು ದಾಟಿತು. ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ಮೇಲ್ಮೈ ನೀರು ಸರಾಸರಿಗಿಂತ ಜೋರು ಹೋಗುವುದರಿಂದ 0.85ರಿಂದ ಗುಣಿಸಬೇಕು: 0.425. ಅಡ್ಡಕೊಯ್ತ 1 ಚದರ ಮೀಟರ್. ಹರಿವು ಸೆಕೆಂಡಿಗೆ 425 ಲೀಟರ್, ಅಂದರೆ 15 ಕ್ಯೂಸೆಕ್. ಈಗ ನಾವು ನಿಂತ ಜಾಗದ ಕೆಳಗೆ ಯಾರೋ ಕಲ್ಲು ಹಾಕಿದರು. ನೀರು ಹಿಂದಕ್ಕೆ ಒತ್ತಿಕೊಂಡು ಆಳ 65 ಸೆಂಟಿಮೀಟರ್ ಆಯಿತು. ಗೇಜ್ ನೋಡಿದವರಿಗೆ ಅರ್ಧ ಅಡಿ ಹೆಚ್ಚಾದ ಸಂತೋಷ. ಬೆಂಡು ಬಿಟ್ಟರೆ 10 ಮೀಟರಿಗೆ 32 ಸೆಕೆಂಡು. ಗುಣಿಸಿ ನೋಡಿ: ಸೆಕೆಂಡಿಗೆ ಸುಮಾರು 345 ಲೀಟರ್, 12 ಕ್ಯೂಸೆಕ್ಕಿಗೆ ಚೂರು ಮೇಲೆ. ಗೇಜ್ ಏರಿತು, ನೀರು ಇಳಿಯಿತು. ಕಡಿಮೆಯಾದ ಸುಮಾರು 3 ಕ್ಯೂಸೆಕ್ ಎಲ್ಲಿಗೂ ಮಾಯವಾಗಿಲ್ಲ. ನೀರಿನ ಮಟ್ಟ ಏರಿದ್ದರಿಂದ ಮೇಲಿನ ತೂಬು ಅದನ್ನು ಹೆಚ್ಚಾಗಿ ಎಳೆದುಕೊಂಡಿತು.

ಜೊಂಡು, ಆಪು ಬೆಳೆದ ಕಾಲುವೆಯಲ್ಲೂ ಹೀಗೇ, ಮೆಲ್ಲಗೆ, ಯಾರೂ ಕಲ್ಲು ಹಾಕದೆ. ಒಪ್ಪವಾದ ಮಣ್ಣಿನ ಕಾಲುವೆಯ ಒರಟುತನಕ್ಕೆ ನಾವು 0.022ರಷ್ಟು ಅಂಕಿ ಹಿಡಿಯುತ್ತೇವೆ. ಕಳೆ ತುಂಬಿದರೆ ಅದು 0.035 ಮುಟ್ಟುತ್ತದೆ. ಅದೇ ಇಳಿಜಾರು, ಅದೇ ಆಳ, ಆದರೆ ಹರಿವು ನೂರಕ್ಕೆ ಅರವತ್ತಮೂರು. ಕೋಷ್ಟಕ ಮಾತ್ರ ನೂರು ಎಂದೇ ಹೇಳುತ್ತಿರುತ್ತದೆ. ಮೇಲಿನವರು ‘ಬಿಟ್ಟಿದ್ದೇವೆ’ ಎನ್ನುವುದು, ಕೆಳಗಿನವರು ‘ಬಂದಿಲ್ಲ’ ಎನ್ನುವುದು ಎರಡೂ ಪ್ರಾಮಾಣಿಕವಾಗಿಯೇ ಇರಬಹುದು. ಜಗಳ ನಡೆಯುವುದು ಇಬ್ಬರೂ ಅಳೆಯದೆ ಬಿಟ್ಟ ವೇಗದ ಮೇಲೆ.

ಅಡ್ಡ ಇಟ್ಟದ್ದೆಲ್ಲ ಮೋಸ ಎಂದಲ್ಲ. ಆಕಾರ ಗೊತ್ತಿರುವ ತಡೆಯನ್ನು ನಾವೇ ಅಳತೆ ಮಾಡಿ ನಿಲ್ಲಿಸಿದರೆ ಅದೇ ಅಳತೆಯ ಸಾಧನ. ಕಬ್ಬಿಣದ ತಗಡಿನಲ್ಲಿ ಮೇಲ್ಮುಖವಾಗಿ ಬಾಯಿ ತೆರೆದ, ಲಂಬಕೋನದ ‘ವಿ’ ಕಚ್ಚು ಕೊಯ್ದು ಹೊಲಗಾಲುವೆಗೆ ಅಡ್ಡ ನಿಲ್ಲಿಸಿ. ಕಚ್ಚಿನ ಕೆಳತುದಿಯಿಂದ 10 ಸೆಂಟಿಮೀಟರ್ ಎತ್ತರಕ್ಕೆ ನೀರು ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. 20 ಸೆಂಟಿಮೀಟರ್ ಇದ್ದರೆ ಸುಮಾರು 25 ಲೀಟರ್. ಎತ್ತರ ಎರಡು ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಹೆಚ್ಚು. ಒಂದು ಎಚ್ಚರ: ಎತ್ತರವನ್ನು ಕಚ್ಚಿನ ಬಾಯಲ್ಲೇ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ಒಂದು ಮೀಟರ್ ಹಿಂದೆ ಸರಿದು ಅಳೆಯಬೇಕು. ಕಾಲುವೆಯ ಬಾಯಲ್ಲಿ ಕಟ್ಟುವ ಪಾರ್ಶಲ್ ಫ್ಲೂಮ್ ಕೂಡ ಇಂಥದ್ದೇ. ನೀರನ್ನು ಇಕ್ಕಟ್ಟಿನಲ್ಲಿ ಹಿಂಡಿ, ಒಂದೇ ಕಡೆ ಎತ್ತರ ನೋಡಿದರೆ ಹರಿವು ತಿಳಿಯುವಂತೆ ಕಟ್ಟಿದ್ದು. ಆದರೆ ಕೆಳಗಿನ ನೀರು ಮೇಲಿನ ಎತ್ತರದ ಶೇ. 70 ದಾಟಿತೋ, ಸಾಧಾರಣ ಅಳತೆಯ ಫ್ಲೂಮ್ ಮುಳುಗಿದಂತೆ, ಅದರ ಮಾತು ನಂಬುವಂತಿಲ್ಲ. ಮತ್ತೆ ಅದೇ ಕಲ್ಲು, ಅದೇ ಚೀಲ. ಕೆಳಗೆ ಇಟ್ಟ ಹತ್ತು ಚೀಲ ಸರ್ಕಾರ ಕಟ್ಟಿಸಿದ ಅಳತೆಯನ್ನು ಕೆಡಿಸಬಲ್ಲದು.

ನಮ್ಮ ತುಂಗಭದ್ರೆಯ ಮೇಲೆ ರಾಜೋಳಿಬಂಡಾದಲ್ಲಿ ನಿಂತಿರುವ ಅಣೆಕಟ್ಟೂ ಹೊಳೆಗೆ ಅಡ್ಡ ಇಟ್ಟ ತಡೆಯೇ. ಅಲ್ಲಿಂದ ಹೊರಡುವ 143 ಕಿಲೋಮೀಟರ್ ಕಾಲುವೆಯಲ್ಲಿ ಮೊದಲ 43 ಕಿಲೋಮೀಟರ್ ನಮ್ಮ ನೆಲ, ಉಳಿದದ್ದು ಇಂದಿನ ತೆಲಂಗಾಣ. ಹಂಚಿಕೆ 17.1 ಟಿಎಂಸಿ. ಅದರಲ್ಲಿ ನಮಗೆ 1.2, ಅವರಿಗೆ 15.9. ಅಣೆಕಟ್ಟೆಯ ನೆತ್ತಿಯ ಮೇಲೆ 1 ಅಡಿ ಹರಿಯುವ ನೀರಿಗಿಂತ 2 ಅಡಿ ಹರಿಯುವ ನೀರು ಎರಡು ಪಟ್ಟಲ್ಲ, ಸುಮಾರು 2.8 ಪಟ್ಟು. ಕಲ್ಲಿನ ಸಂದಿನಲ್ಲಿ ಸೋರಿದ್ದು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಎರಡು ರಾಜ್ಯಗಳ ನಡುವಿನ ಇಷ್ಟು ದೊಡ್ಡ ಪಾಲು ನಿಂತಿರುವುದು ಎತ್ತರ ಓದುವ ಕಣ್ಣಿನ ಮೇಲೆ, ವೇಗ ಹಿಡಿಯುವ ಮೀಟರಿನ ಮೇಲೆ.

ಸೇತುವೆಯ ಕಂಬದ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೋಲಿನ ಬುಡದಲ್ಲಿ ಕಂಡ ಲಾಳದ ಸುರುಳಿ ಪ್ರವಾಹದಲ್ಲಿ ಕಂಬದ ಬುಡ ಕೊರೆಯುತ್ತದೆ. ದೇವಸೂಗೂರಿನ ಬಳಿ ಕೃಷ್ಣೆಯ ಮೇಲೆ 1943ರಲ್ಲಿ ಮುಗಿದ ನಿಜಾಮರ ಕಾಲದ ಸೇತುವೆ ಇರಲಿ, ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಇರಲಿ, ಎಲ್ಲ ಕಂಬಕ್ಕೂ ಈ ಪರೀಕ್ಷೆ ತಪ್ಪದು. ಇದರ ಕಪಟ ಎಂಥದೆಂದರೆ, ನೆರೆ ಏರುವಾಗ ಗುಂಡಿ ತೋಡುತ್ತದೆ, ನೆರೆ ಇಳಿಯುವಾಗ ಅದೇ ನೀರು ಮರಳು ತಂದು ಗುಂಡಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಬುಡ ಗಟ್ಟಿಯಾಗಿ ಕಾಣುತ್ತದೆ. ನಿಜವಾದ ಆಳ ತಿಳಿಯಬೇಕಾದರೆ ನೆರೆಯ ನಡುವೆಯೇ ಅಳೆಯಬೇಕು. 2009ರ ಅಕ್ಟೋಬರ್ ಮೊದಲ ವಾರ ತುಂಗಭದ್ರೆ, ಕೃಷ್ಣೆ ಎರಡೂ ಉಕ್ಕಿ ಮಂತ್ರಾಲಯ, ಕರ್ನೂಲು ಮುಳುಗಿದಾಗ, ಹೊಳೆಗೆ ಮೀಟರ್ ಇಳಿಸಬಲ್ಲವರು ಯಾರಿದ್ದರು? ಅಂಥ ದಿನಗಳಲ್ಲಿ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆಯಿಂದ ಹರಿವನ್ನು ಹಿಂದಿನಿಂದ ಲೆಕ್ಕ ಹಾಕುತ್ತೇವೆ.

2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿದೆ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎರಡನೇ ಬೆಳೆ ಹೋಯಿತು ಎಂದು ನಮ್ಮೂರುಗಳಲ್ಲಿ ಮನೆಮನೆಯಲ್ಲೂ ಕಳವಳ. 60 ಅಡಿ ಅಗಲದ ಆ ಬಾಯಿಗೆ ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರು, ಅದೂ ಹರಿಯುವ ನೀರಿನಲ್ಲಿ. ಹಲಗೆ ನೀರು ಮುಟ್ಟಿದ ಕ್ಷಣದಿಂದ ಅದು ತಡೆ. ನೀರು ಅದರ ಅಡಿಯಲ್ಲಿ ಸೀಳಿ ನುಗ್ಗುತ್ತದೆ, ಹಿಂದೆ ಸುಳಿ ಬಿಚ್ಚುತ್ತದೆ, ಸುಳಿಯ ತಾಳಕ್ಕೆ ಹಲಗೆ ನಡುಗುತ್ತದೆ. ಆ ನಡುಕ ತಡೆದು ಕೂರಿಸಿದ ಕೆಲಸಗಾರರ ಧೈರ್ಯವನ್ನು ನಾನು ಎಂದಿಗೂ ಮರೆಯಲಾರೆ.

ಬಟ್ಟಲಿನ ಚಕ್ರಕ್ಕೆ ದಿಕ್ಕು ತಿಳಿಯದು ಎಂದೆ. ಸುಳಿಯೊಳಗಿನ ವೇಗ ಅಳೆಯಲು ಅದು ಸಾಲದು. ಈಗ ಶಬ್ದದಿಂದ ಅಳೆಯುವ ಉಪಕರಣ ಬಂದಿದೆ.  ಅದರ ಗುಟ್ಟು ತಿಳಿಯಲು ನಮ್ಮ ರಾಯಚೂರು ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಸಿಳ್ಳೆ ಕೇಳಿ. ಬರುವಾಗ ಕೀಚಲು, ದಾಟಿ ಹೋಗುತ್ತಲೇ ದನಿ ತಗ್ಗುತ್ತದೆ. ಉಪಕರಣ ನೀರಿನೊಳಗೆ ನಮ್ಮ ಕಿವಿಗೆ ಕೇಳದ ಶಬ್ದ ಕಳಿಸುತ್ತದೆ. ನೀರಿನ ಜೊತೆ ತೇಲಿ ಹೋಗುವ ಮಣ್ಣಿನ ಕಣಗಳಿಗೆ ಬಡಿದು ಅದು ಮರಳುತ್ತದೆ. ಮರಳಿದ ದನಿ ಎಷ್ಟು ಬದಲಾಗಿದೆ ಎಂಬುದರಿಂದ ಕಣದ ವೇಗ, ಅಂದರೆ ನೀರಿನ ವೇಗ ತಿಳಿಯುತ್ತದೆ. ಸೆಕೆಂಡಿಗೆ ಹತ್ತಾರು ಸಲ, ಮೂರೂ ದಿಕ್ಕಿನಲ್ಲಿ, ಹಿಂದೆ ಬರುವ ನೀರನ್ನು ಹಿಂದೆ ಎಂದೇ ಹೇಳುತ್ತದೆ. ನನಗೆ ಬಹಳ ಹಿಡಿಸಿದ್ದು ಇದು: ಪೂರಾ ತಿಳಿಯಾದ ನೀರಿನಲ್ಲಿ ಈ ಉಪಕರಣಕ್ಕೆ ದನಿ ಮರಳುವುದಿಲ್ಲ. ಜುಲೈ ತಿಂಗಳ ನಮ್ಮ ಕೆಂಪು ನೀರು ಅದಕ್ಕೆ ಹೇಳಿ ಮಾಡಿಸಿದ್ದು.

ಪುಣೆಯ ಬಳಿ 1916ರಿಂದ ನೀರಿನ ಸಂಶೋಧನಾ ಕೇಂದ್ರವಿದೆ. ಕೃಷ್ಣರಾಜಸಾಗರದಲ್ಲಿ ನಮ್ಮದೇ ರಾಜ್ಯದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ, ಅದರ ಕೃಷಿ ಎಂಜಿನಿಯರಿಂಗ್ ಕಾಲೇಜು ಇವೆ. ವಿದ್ಯೆ ದೂರವಿಲ್ಲ. ನಾನು ಕೇಳುವುದು ಇಷ್ಟೇ: ಪ್ರತಿ ವಿತರಣಾ ಕಾಲುವೆಯ ಬಾಯಲ್ಲಿ ಹಂಗಾಮಿಗೆ ಎರಡು ಸಲವಾದರೂ, ಕಳೆ ತೆಗೆದ ಮೇಲೆ ಒಮ್ಮೆ, ಕಳೆ ಬೆಳೆದ ಮೇಲೆ ಒಮ್ಮೆ, ರೈತರ ಎದುರಿಗೇ ವೇಗ ಅಳೆಯಬೇಕು. ಹೊಸ ಕೋಷ್ಟಕವನ್ನು ಗೇಜಿನ ಪಕ್ಕದಲ್ಲೇ, ಕನ್ನಡದಲ್ಲಿ, ಬಣ್ಣದಲ್ಲಿ ಬರೆಸಬೇಕು.

ಅದು ಆಗುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ, ಗಾಳಿ ಏಳುವ ಮುಂಚೆ, ಬರುವವರು ಬನ್ನಿ. ಗಾಳಿ ಬೀಸಿದರೆ ಬೆಂಡು ನೀರಿನ ಮಾತು ಬಿಟ್ಟು ಗಾಳಿಯ ಮಾತು ಕೇಳುತ್ತದೆ. ಟೇಪು ನಾನು ತರುತ್ತೇನೆ. ಯಾರಾದರೂ ಒಂದು ಹೊರೆ ಜೋಳದ ದಂಟು ತನ್ನಿ, ಮೊಬೈಲಿನಲ್ಲಿ ಸೆಕೆಂಡು ನೋಡಲು ಇಬ್ಬರು ಬೇಕು. ಸೇತುವೆಯಿಂದ ಮೇಲಕ್ಕೆ, ಕಾಲುವೆ ನೇರವಿರುವ ಕಡೆ ಹೋಗೋಣ. ಮಕ್ಕಳು ದಂಡೆಯ ಮೇಲೆಯೇ ನಿಲ್ಲಬೇಕು, ಒಬ್ಬರೂ ನೀರಿಗೆ ಇಳಿಯಕೂಡದು. ಪ್ರತಿ ಸಲ ಐದು ಚೂರು ಬಿಡೋಣ: ನಡುವೆ ಮೂರು, ಎರಡೂ ದಂಡೆಗೆ ಹತ್ತಿರ ಒಂದೊಂದು. ದಿನಾಂಕ, ಹೊತ್ತು, ಆಳ, ಸೆಕೆಂಡು, ಕೆಳಗೆ ಏನಾದರೂ ಅಡ್ಡ ಇದೆಯೇ ಎಂಬುದು, ಎಲ್ಲವನ್ನೂ ಶಾಲೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗೋಣ. ಮೊದಲ ಪುಟ ನಾಳೆ ತುಂಬುತ್ತದೆ.